ಕುವೈತ್ ಸರಿ, ‘ಧನಶ್ರೀ’ ಯಾಕೆ ಸೊಟ್ಟ?

ಈ ಸಲದ ಮಾತು ಒಂದು ಹಲಗೆಯದು.

ಕುವೈತಿನ ಸಬ್ಹಾನ್ ಕೈಗಾರಿಕಾ ಪ್ರದೇಶದಲ್ಲಿ ನನ್ನ ಸ್ನೇಹಿತರೊಬ್ಬರ ಶೆಡ್ ಇದೆ. ಅವರ ಮಗ, ನಿಮ್ಮದೇ ವಯಸ್ಸಿನವನು, ಅದರ ಮೂಲೆಯಲ್ಲಿ ಒಂದು 3018 ಸಿಎನ್‌ಸಿ ರೂಟರ್ ಇಟ್ಟುಕೊಂಡಿದ್ದಾನೆ. 300 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲದ ಜಾಗದಲ್ಲಿ ಕೆತ್ತುವ ಹವ್ಯಾಸಿಗಳ ಯಂತ್ರ ಅದು. ಸಾಗರದಲ್ಲಿರುವ ಅಜ್ಜಿಯ ಮನೆಗೆ ಹೆಸರಿನ ಹಲಗೆ ಮಾಡಿ ಕಳಿಸಬೇಕೆಂದು ಅವನ ಆಸೆ. ಮನೆಯ ಹೆಸರು ‘ಧನಶ್ರೀ’.

ಸಾಗರ ಅಂದರೆ ಸುಮ್ಮನೆ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳು ಗುಡಿಗಾರರ ಊರು. ತಲೆಮಾರುಗಳಿಂದ ಶ್ರೀಗಂಧದಲ್ಲಿ ನವಿರಾದ ಬಳ್ಳಿ, ಹೂವು, ದೇವರ ಮೂರ್ತಿ ಕೆತ್ತುತ್ತ ಬಂದವರು ಅವರು. ಅಂಥ ಊರಿಗೆ ಸೊಟ್ಟ ಹಲಗೆ ಹೋದರೆ ಅಜ್ಜಿ ಏನೂ ಅನ್ನಲಿಕ್ಕಿಲ್ಲ, ನೋಡಲು ಬಂದವರು ಅಂದಾರು.

ಹುಡುಗ ಮೊದಲು ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ಕುವೈತ್ ಎಂದು ಕೆತ್ತಿದ. ಅಚ್ಚುಕಟ್ಟಾಗಿ ಬಂತು. ಆಮೇಲೆ ‘ಧನಶ್ರೀ’ ಕೆತ್ತಿದರೆ ಅಕ್ಷರಗಳ ದುಂಡು ಅಲ್ಲಲ್ಲಿ ಚಪ್ಪಟೆ, ಗೆರೆ ಸೇರಬೇಕಾದಲ್ಲಿ ಸಣ್ಣ ಮೆಟ್ಟಿಲು. ‘ಅಂಕಲ್, ಈ ಮಷಿನ್‌ಗೆ ಕನ್ನಡ ಬರಲ್ಲ ಅನ್ಸತ್ತೆ’ ಅಂದ.

ತಮಾಷೆಗೆ ಅಂದದ್ದಾದರೂ ಅದರಲ್ಲಿ ನಿಜ ಇದೆ. ಇಂಗ್ಲಿಷಿನ ಆ ಹೆಸರಿನಲ್ಲಿ ‘ಯು’ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನೇರ ಗೆರೆ. ನಮ್ಮ ಲಿಪಿ ಹಾಗಲ್ಲ, ಎಲ್ಲ ಸುರುಳಿ. ಒಂದು ಪೂರ್ತಿ ವೃತ್ತ ಬಿಡಿಸುವಾಗ ಎಕ್ಸ್ ಅಕ್ಷ ಎರಡು ಸಲ, ವೈ ಅಕ್ಷ ಎರಡು ಸಲ ದಿಕ್ಕು ಬದಲಿಸಿ ಹಿಂದಕ್ಕೆ ಬರಬೇಕು. ಸ್ಕ್ರೂ ಮತ್ತು ಅದರ ಮೇಲೆ ಓಡುವ ನಟ್ ನಡುವೆ ಸ್ವಲ್ಪ ಸಡಿಲ ಇದ್ದರೆ, ದಿಕ್ಕು ಬದಲಿಸಿದಾಗಲೆಲ್ಲ ಮೋಟಾರು ತಿರುಗುತ್ತದೆ, ಬಿಟ್ ಮಾತ್ರ ಒಂದು ಕ್ಷಣ ನಿಂತಲ್ಲೇ ನಿಂತಿರುತ್ತದೆ. ಮೆಕ್ಯಾನಿಕ್‌ಗಳು ‘ಪ್ಲೇ ಇದೆ’ ಅನ್ನುವುದು ಇದಕ್ಕೇ. ಪುಸ್ತಕದ ಹೆಸರು ಬ್ಯಾಕ್‌ಲ್ಯಾಶ್. ಕನ್ನಡದ ಒಂದು ಸಾಲಿನಲ್ಲಿ ಇಂಥ ತಿರುವುಗಳು ಎಷ್ಟು, ನೀವೇ ಎಣಿಸಿ.

ಆದರೆ ಊಹೆಯ ಮೇಲೆ ಸ್ಪ್ಯಾನರ್ ಎತ್ತಬೇಡಿ. ಮೊದಲು ಅಳೆಯಿರಿ. ಚೂಪಾದ ಬಿಟ್‌ನಿಂದ ಹಲಗೆಯ ಮೇಲೆ ತೆಳುವಾದ ಎರಡು ಗೆರೆ ಎಳೆಯಿರಿ, ನಡುವೆ 20 ಮಿಲಿಮೀಟರ್ ಇರುವಂತೆ. ಮೊದಲ ಗೆರೆಯ ಜಾಗಕ್ಕೆ ಬಲದಿಂದ ಬಂದು, ಎರಡನೆಯದಕ್ಕೆ ಎಡದಿಂದ ಹೋಗಬೇಕು. ದಿಕ್ಕು ಬದಲಾಗದಿದ್ದರೆ ಸಡಿಲ ಕಾಣಿಸದು. ಹಾಗೆಯೇ 100 ಮಿಲಿಮೀಟರಿನ ಇನ್ನೊಂದು ಜೋಡಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. 20 ಇರಬೇಕಾದದ್ದು 19.6, 100 ಇರಬೇಕಾದದ್ದು 98 ಬಂದರೆ ತಪ್ಪು ಉದ್ದದ ಜೊತೆ ಬೆಳೆಯುತ್ತಿದೆ, ಅಂದರೆ ಲೆಕ್ಕದ ತಪ್ಪು. 19.7 ಮತ್ತು 99.7 ಬಂದರೆ ಎರಡರಲ್ಲೂ ಕಳೆದದ್ದು ಅದೇ 0.3, ಅಂದರೆ ಸಡಿಲ. ಅರ್ಧ ಕೆಲಸದವರೆಗೆ ಎಲ್ಲ ಸರಿಯಿದ್ದು, ಅಲ್ಲಿಂದ ಮುಂದೆ ಇಡೀ ಚಿತ್ರವೇ ಪಕ್ಕಕ್ಕೆ ಸರಿದಿದ್ದರೆ ಮೋಟಾರು ಎಲ್ಲೋ ಹೆಜ್ಜೆ ತಪ್ಪಿದೆ. ಜೊತೆಗೊಂದು 50 ಮಿಲಿಮೀಟರ್ ವೃತ್ತ ಕೆತ್ತಿ ಓರೆಯಾಗಿಯೂ ಎರಡು ಕಡೆಯಿಂದ ಅಳೆಯಿರಿ. ಆ ಎರಡು ಅಳತೆ ಬೇರೆ ಬೇರೆ ಬಂದರೆ ಯಂತ್ರದ ಚೌಕಟ್ಟೇ ಮೂಲೆಮಟ್ಟದಲ್ಲಿಲ್ಲ.

ಲೆಕ್ಕ ಅಂದೆನಲ್ಲ, ಅದು ಸುಲಭ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ತುಂಡು ಮಾಡಿದರೆ 3200. ಈ ಯಂತ್ರದ ಸ್ಕ್ರೂ ಒಂದು ಸುತ್ತಿಗೆ 4 ಮಿಲಿಮೀಟರ್ ಸಾಗಿಸುತ್ತದೆ. ಭಾಗಿಸಿದರೆ ಒಂದು ಮಿಲಿಮೀಟರಿಗೆ 800. ಯಂತ್ರ ನಡೆಸುವ ಗರ್ಬಲ್ ತಂತ್ರಾಂಶದಲ್ಲಿ $100, $101, $102 ಎಂಬ ಸಾಲುಗಳಲ್ಲಿ ಇರುವುದು ಇದೇ ಸಂಖ್ಯೆ. 98 ಬಂದದ್ದನ್ನು 100 ಮಾಡಲು 800ರ ಬದಲು 816 ಬರೆದುಬಿಡೋಣ ಅನ್ನಿಸುತ್ತದೆ. ಬೆಲ್ಟ್ ಇರುವ ಯಂತ್ರದಲ್ಲಿ ಸಣ್ಣ ತಿದ್ದುಪಡಿ ನಾನು ಒಪ್ಪುತ್ತೇನೆ. ಸ್ಕ್ರೂ ಇರುವಲ್ಲಿ ಒಪ್ಪುವುದಿಲ್ಲ. ನೂರಕ್ಕೆ ಎರಡರಷ್ಟು ತಪ್ಪು ಲೋಹದ ಸ್ಕ್ರೂವಿನಲ್ಲಿ ಇರುವುದಿಲ್ಲ; ಕಪ್ಲಿಂಗ್ ಜಾರುತ್ತಿರಬೇಕು, ಇಲ್ಲವೇ ನಿಮ್ಮ ಅಳತೆ ತಪ್ಪಿರಬೇಕು.

ನಮ್ಮ ಹುಡುಗನಿಗೆ ಎಕ್ಸ್‌ನಲ್ಲಿ ಎರಡೂ ಸಲ 0.3 ಕಡಿಮೆ ಬಂತು. ಮೂಲ ಗರ್ಬಲ್‌ನಲ್ಲಿ ಬ್ಯಾಕ್‌ಲ್ಯಾಶನ್ನು ತಾನೇ ಸರಿದೂಗಿಸುವ ವ್ಯವಸ್ಥೆ ಇಲ್ಲ, ಕೈಯಿಂದಲೇ ಸರಿ ಮಾಡಬೇಕು. ಮೋಟಾರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್‌ನ ಪುಟ್ಟ ಅಲೆನ್ ಸ್ಕ್ರೂಗಳಲ್ಲಿ ಒಂದು ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿದ ಮೇಲೆ 0.1 ಉಳಿಯಿತು. ನಡುವೆ ಸ್ಪ್ರಿಂಗ್ ಇರುವ ಜೋಡಿ ನಟ್ ಹಾಕಿದ ಮೇಲೆ ಅದೂ ಹೋಯಿತು. ಸ್ಕ್ರೂ ಮೇಲೆ ಕಂದು ಹಿಟ್ಟಿನಂಥ ಪದರ ಕೂತಿತ್ತು: ಮರದ ಪುಡಿ, ಕುವೈತಿನ ಧೂಳು, ಎಣ್ಣೆ ಮೂರೂ ಸೇರಿದ್ದು. ಅದನ್ನೂ ಒರೆಸಿದ.

ಮರುದಿನ ಮಧ್ಯಾಹ್ನ ಅರ್ಧ ಕೆತ್ತನೆಯಲ್ಲಿ ‘ಶ್ರೀ’ ಎರಡು ಮಿಲಿಮೀಟರ್ ಪಕ್ಕಕ್ಕೆ ಹೋಯಿತು. ಇದು ಬೇರೆ ರೋಗ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಗಿದೆ. ತಗಡಿನ ಶೆಡ್‌ನೊಳಗೆ ಹೇಗಿದ್ದೀತು! ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಚಿಪ್ ಬಿಸಿ ಮಿತಿಮೀರಿದರೆ ತನ್ನನ್ನು ತಾನು ಕ್ಷಣಕಾಲ ನಿಲ್ಲಿಸಿಕೊಳ್ಳುತ್ತದೆ. ಅಷ್ಟರಲ್ಲಿ ಹೆಜ್ಜೆಗಳು ಕಳೆದುಹೋಗುತ್ತವೆ, ತಂತ್ರಾಂಶಕ್ಕೆ ಅದು ಗೊತ್ತೇ ಆಗುವುದಿಲ್ಲ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ದುಡಿಸಬಾರದೆಂಬ ನಿಯಮವಿದೆ. ಯಂತ್ರಕ್ಕೂ ಅದನ್ನೇ ಅನ್ವಯಿಸು ಅಂದೆ. ಡ್ರೈವರ್ ಮೇಲೊಂದು ಫ್ಯಾನ್ ಇಟ್ಟು, ವೇಗ ಇಳಿಸಿ, ರಾತ್ರಿ ಎಂಟರ ಮೇಲೆ ಕೆತ್ತಿದ. ಆಮೇಲೆ ಜಾರಲಿಲ್ಲ.

ಈಗ ದುಂಡು ದುಂಡಾಗಿಯೇ ಬಂತು. ಹಲಗೆಯನ್ನು ಅಮ್ಮನಿಗೆ ತೋರಿಸಿದರೆ ಅವರು ಬಿದ್ದು ಬಿದ್ದು ನಕ್ಕರು. ಅಲ್ಲಿ ‘ದನಶ್ರೀ’ ಅಂತಿತ್ತು.

ಇದು ಯಂತ್ರದ ತಪ್ಪಲ್ಲ. ಅವನು ಹಾಕಿದ್ದು 3.175 ಮಿಲಿಮೀಟರ್ ದಪ್ಪದ ಬಿಟ್. ‘ದ’ವನ್ನು ‘ಧ’ ಮಾಡುವ ಕೆಳಗಿನ ಪುಟ್ಟ ಗೀಟು ಅವನ ಚಿತ್ರದಲ್ಲಿ ಎರಡು ಮಿಲಿಮೀಟರ್ ಅಗಲ. ಅಷ್ಟು ಕಿರಿದಾದ ಜಾಗಕ್ಕೆ ಆ ಬಿಟ್ ಇಳಿಯುವುದಿಲ್ಲ, ತಂತ್ರಾಂಶ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲಾದರೆ ಮೂಲೆ ಸ್ವಲ್ಪ ಮೊಂಡಾಗುತ್ತಿತ್ತು, ಅಷ್ಟೇ. ನಮ್ಮಲ್ಲಿ ಸಂಪತ್ತು ಹೋಗಿ ಹಸು ಬರುತ್ತದೆ. ‘ಠ’ದ ನಡುವಿನ ಚುಕ್ಕೆಗೂ, ‘ಭ’, ‘ಫ’ಗಳ ಗೀಟಿಗೂ ಇದೇ ಗತಿ. ಆದ್ದರಿಂದ ಕನ್ನಡ ಕೆತ್ತುವಾಗ ಶುರು ಮಾಡುವ ಮುಂಚೆ ಪರದೆಯ ಮೇಲೆ ಬಿಟ್ ಓಡುವ ದಾರಿಯನ್ನು ಅಕ್ಷರ ಅಕ್ಷರ ಓದಿ ನೋಡಿ. ದಪ್ಪ ಬಿಟ್‌ನಿಂದ ದೊಡ್ಡ ಭಾಗ ಮುಗಿಸಿ, ಆಮೇಲೆ 1 ಮಿಲಿಮೀಟರ್ ಬಿಟ್ ಹಾಕಿ ಉಳಿದ ಮೂಲೆಗಳನ್ನಷ್ಟೇ ಕೆತ್ತಿಸಿ. ಸಣ್ಣ ಬಿಟ್ ಬೇಗ ಮುರಿಯುತ್ತದೆ, ಎರಡು ಹೆಚ್ಚಿಗೆ ತಂದಿಡಿ.

ಅವನು ಹಾಗೇ ಮಾಡಿದ. ಗೀಟು ಬಂತು.

ಕೊನೆಗೊಂದು ಮಾತು ಹೇಳಿದೆ, ನಿಮಗೂ ಹೇಳುತ್ತೇನೆ. ಇಲ್ಲಿಯ ಒಣ ಹವೆಯಲ್ಲಿ ಕೆತ್ತಿದ ಮರ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಗೋಡೆಗೆ ಬಿಗಿಯುವ ಸ್ಕ್ರೂ ತೂತುಗಳನ್ನು ಎಳೆಗಳಿಗೆ ಅಡ್ಡಲಾಗಿ ಸ್ವಲ್ಪ ಉದ್ದುದ್ದ ಕೊರೆದು ಕಳಿಸಿ. ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ಅಜ್ಜಿಯ ಫೋನ್ ಬರುತ್ತದೆ, ಹಲಗೆ ಸೀಳಿದೆ ಅಂತ.