ಸರ್ಕೀಟ್ ಬ್ರೇಕರಿನ ತಾಳ್ಮೆ

ನಾವುಂದದಂತಹ ಕಡಲತೀರದ ಊರಿನಲ್ಲಿ ಒಂದು ಮಂಜುಗಡ್ಡೆಯ ಕಾರ್ಖಾನೆಯಿದೆಯೆಂದು ಭಾವಿಸೋಣ. ಅದರ ಮೋಟಾರು ಓಡುವಾಗ 100 ಆಂಪಿಯರ್ ಪ್ರವಾಹವನ್ನು ಸೆಳೆಯುವುದಾದರೆ, ನೇರವಾಗಿ ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಸುಮಾರು 600 ಆಂಪಿಯರ್ ಸೆಳೆಯುತ್ತದೆ. ಬ್ರೇಕರ್ ಇದನ್ನು ಸಹಿಸಬೇಕು; ಆದರೆ ತಂತಿಗಳು ಒಂದಕ್ಕೊಂದು ತಗುಲಿ ಸಾವಿರಾರು ಆಂಪಿಯರ್ ಹರಿದೊಡನೆ ಮಂಡಲವನ್ನು ಕಡಿಯಬೇಕು. ಈ ವಿವೇಚನೆ ಪ್ರವಾಹವನ್ನು ಸದಾ ಅಳೆಯುತ್ತಿರುವ ಟ್ರಿಪ್ ಘಟಕದ್ದು.

ಕೈಯಲ್ಲಿ ಹಿಡಿಯುವ ಪ್ರೋಗ್ರಾಮರನ್ನು ಘಟಕಕ್ಕೆ ಜೋಡಿಸಿ, ಮೊದಲು ಹಳೆಯ ಅಂಕಗಳನ್ನು ಬರೆದುಕೊಳ್ಳುತ್ತೇವೆ. ಬಳಿಕ ಎಷ್ಟು ಪ್ರವಾಹಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಮೂದಿಸಿ, ಪುನಃ ಓದಿ ತಾಳೆ ನೋಡುತ್ತೇವೆ. ಮೋಟಾರಿನ ಬ್ರೇಕರಿಗಿಂತ ಮುಖ್ಯ ಬ್ರೇಕರು ಸೆಕೆಂಡಿನ ಒಂದೆರಡು ದಶಾಂಶದಷ್ಟು ಹೆಚ್ಚು ಕಾಯಬೇಕು. ಇಲ್ಲವಾದರೆ ಒಂದು ಮೋಟಾರಿನ ದೋಷಕ್ಕೆ ಕಾರ್ಖಾನೆಯೆಲ್ಲ ನಿಂತು ಮೀನು ಕೆಟ್ಟೀತು. ಪದೇ ಪದೇ ಕಡಿಯುತ್ತದೆಂದು ಕಾರಣವರಿಯದೆ ಅಂಕವನ್ನು ಏರಿಸಿದರೆ, ತಂತಿಯೇ ಕಾದು ಉರಿದೀತು.