ಮೊಬೈಲ್ ಇರುವಾಗ ವೈ-ಫೈ ಏಕೆ?

ಮೊಬೈಲ್ ಜಾಲವೇ ಅಂತರ್ಜಾಲವನ್ನು ಕೈಗೆ ತಂದುಕೊಡುವಾಗ ಅದೇ ಫೋನಿನಲ್ಲಿ ವೈ-ಫೈ ಕೂಡ ಬೇಕೇ? ಸ್ಮಾರ್ಟ್‌ಫೋನಿನ ಆರಂಭದ ದಿನಗಳಲ್ಲಿ ತಯಾರಕರು ಇದಕ್ಕೆ ಒಂದೇ ಉತ್ತರ ಕೊಡಲಿಲ್ಲ. 2007ರ ಐಫೋನಿನಲ್ಲಿ ಎರಡೂ ಇದ್ದವು. 2008ರ ಬ್ಲ್ಯಾಕ್‌ಬೆರಿ ಸ್ಟಾರ್ಮ್‌ನಲ್ಲಿ ವೈ-ಫೈ ಇರಲಿಲ್ಲ. ಮರುವರ್ಷದ ಸ್ಟಾರ್ಮ್-2ರಲ್ಲಿ ಅದನ್ನು ಸೇರಿಸಲಾಯಿತು.

ಎರಡೂ ರೇಡಿಯೋ ಅಲೆಗಳೇ. ವ್ಯಾಪ್ತಿ ಮಾತ್ರ ಬೇರೆ. ಮೊಬೈಲ್ ಗೋಪುರದ ಅಲೆ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಅದಕ್ಕೆ ಕಂಪನಿಯು ಸರಕಾರದಿಂದ ತರಂಗಾಂತರ ಪಡೆದಿರಬೇಕು. ವೈ-ಫೈ ತಲುಪುವುದು ಹತ್ತಾರು ಮೀಟರುಗಳಷ್ಟೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅದರ ಬಳಕೆಗೆ ಭಾರತದಲ್ಲಿ 2005ರಿಂದ ಪರವಾನಗಿ ಬೇಕಿಲ್ಲ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೊರಟವರಿಗೆ ದಾರಿಯುದ್ದಕ್ಕೂ ಗೋಪುರವೇ ಗತಿ. ಊರು ಸೇರಿ ದಪ್ಪ ಕಲ್ಲುಗೋಡೆಯ ಮನೆಯೊಳಗೆ ಕುಳಿತರೆ ಆ ಸಂಕೇತ ಕುಗ್ಗಬಹುದು. ಆಗ ಮನೆಯ ವೈ-ಫೈ ನೆರವಿಗೆ ಬರುತ್ತದೆ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೊ ವೈ-ಫೈ ಮೂಲಕ ಕರೆ ಮಾಡುವ ಸೌಲಭ್ಯ ಆರಂಭಿಸಿದ ಮೇಲೆ ಮಾತಿಗೂ ಅದು ದಾರಿಯಾಯಿತು.

ಆದರೆ ವೈ-ಫೈ ಸ್ವತಂತ್ರವಲ್ಲ. ಅದರ ಹಿಂದೆ ದೂರವಾಣಿ ತಂತಿಯೋ ಫೈಬರೋ ಬೇರಾವುದೋ ಸಂಪರ್ಕವೋ ಇರಬೇಕು. ಕರೆಂಟು ಹೋದರೆ ರೂಟರ್ ನಿಲ್ಲುತ್ತದೆ. ಗೋಪುರಕ್ಕಾದರೆ ಸಾಮಾನ್ಯವಾಗಿ ಬ್ಯಾಟರಿಯ ಆಸರೆ ಇರುತ್ತದೆ. ನಡುರಾತ್ರಿ ವೈದ್ಯರನ್ನು ಕರೆಯಬೇಕಾದ ಮನೆಯವರಿಗೆ ಒಂದು ದಾರಿ ಮುಚ್ಚಿದಾಗ ಇನ್ನೊಂದು ತೆರೆದಿರಬೇಕು. ಆದ್ದರಿಂದ ಎರಡೂ ಇರುವುದೇ ಲೇಸು.

ಫೋನ್ ಕೊಳ್ಳುವಾಗ ಅದರಲ್ಲಿ ವೈ-ಫೈ ಕರೆಗೆ ಅವಕಾಶವಿದೆಯೇ ಎಂದು ವಿಚಾರಿಸಿರಿ. ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿಕೊಳ್ಳಿರಿ.