ಬೆಳೆಯುವ ಪ್ರಾಯ ಮತ್ತು ರಕ್ತದ ಲೆಕ್ಕ

ಜಮಖಂಡಿಯ ಸೀಮೆಯ ಒಂದು ಮನೆಯನ್ನು ಕೇಳುಗರು ಈ ಹೊತ್ತು ಮನಸ್ಸಿನ ಮುಂದೆ ತಂದುಕೊಳ್ಳಬೇಕೆಂದು ಕೋರುತ್ತೇನೆ. ಅದು ಬನಹಟ್ಟಿಯ ನೇಕಾರರ ಮನೆಯಾಗಬಹುದು, ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವ ರೈತನ ಮನೆಯಾಗಬಹುದು. ಆ ಮನೆಯಲ್ಲಿ ಹದಿನಾಲ್ಕು ವರುಷದ ಮಗಳೊಬ್ಬಳಿದ್ದಾಳೆ. ಎರಡು ವರುಷದ ಹಿಂದೆ ಓಣಿಯಲ್ಲೆಲ್ಲ ಕುಣಿದಾಡಿಕೊಂಡಿದ್ದವಳು ಈಗ ಮುಂಜಾನೆ ಏಳಲೊಲ್ಲಳು. ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಶಾಲೆಯಲ್ಲಿ ಮೂರನೆಯ ಪಾಠದ ಹೊತ್ತಿಗೆ ಅವಳ ತಲೆ ಪುಸ್ತಕದ ಮೇಲೆ ವಾಲುತ್ತದೆ. “ಯವ್ವಾ, ಕಾಲು ಸೋತಾವ” ಎಂದು ಅವಳು ಹೇಳಿದರೆ, “ಬರೇ ಮೈಗಳ್ಳಿ ಆಗೀದಿ ನೋಡು” ಎಂದು ತಾಯಿ ಗದರುತ್ತಾಳೆ. ತಾಯಿಯ ಮನಸ್ಸಿನಲ್ಲಿ ಕೇಡೇನೂ ಇಲ್ಲ. ಆ ಪ್ರಾಯದಲ್ಲಿ ಆಕೆಯೂ ಅದೇ ಮಾತನ್ನು ಕೇಳಿಸಿಕೊಂಡು ಬೆಳೆದವಳು. ಆದರೆ ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ತುಸು ಕೆಳಗೆ ಎಳೆದು ನೋಡಿದರೆ, ಕೆಂಪಾಗಿರತಕ್ಕ ಒಳಭಾಗವು ಬಿಳಿಚಿಕೊಂಡಿರುವುದು ಕಾಣಬಹುದು. ಮೈಗಳ್ಳತನವೆಂದು ನಾವು ಹೆಸರಿಡುವ ಆಯಾಸವು ಎಷ್ಟೋ ವೇಳೆ ರಕ್ತದ ಬಡತನವಾಗಿರುತ್ತದೆ. ಮಗ್ಗಕ್ಕೆ ನೂಲು ಸಾಲದೆ ಹೋದರೆ ನೇಕಾರನನ್ನು ಸೋಮಾರಿಯೆಂದು ಯಾರೂ ಬೈಯುವುದಿಲ್ಲವಷ್ಟೆ.

೧೦ ರಿಂದ ೧೯ ವರುಷದವರೆಗಿನ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಹದಿಹರೆಯವೆಂದು ಎಣಿಸುತ್ತಾರೆ. ಹಸುಗೂಸಿನ ಕಾಲವೊಂದನ್ನು ಬಿಟ್ಟರೆ ಮನುಷ್ಯನ ದೇಹವು ಇಷ್ಟು ವೇಗದಿಂದ ಬೆಳೆಯುವ ಕಾಲ ಮತ್ತೊಂದಿಲ್ಲ. ಮಿದುಳಿನ ತಳದಲ್ಲಿ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ಅದು ರಕ್ತಕ್ಕೆ ಬಿಡುವ ಹಾರ್ಮೋನುಗಳ ಆಜ್ಞೆಯಿಂದ ಹೆಣ್ಣಿನಲ್ಲಿ ಅಂಡಾಶಯಗಳೂ ಗಂಡಿನಲ್ಲಿ ವೃಷಣಗಳೂ ತಮ್ಮ ಕಾರ್ಯವನ್ನು ಆರಂಭಿಸುತ್ತವೆ. ಹೆಣ್ಣುಮಕ್ಕಳು ಸುಮಾರು ಹನ್ನೆರಡನೆಯ ವರುಷದಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ, ಗಂಡುಮಕ್ಕಳು ಸುಮಾರು ಹದಿನಾಲ್ಕರಲ್ಲಿ. ಏಳನೆಯ ತರಗತಿಯ ಸಾಲಿನಲ್ಲಿ ಹುಡುಗಿಯರ ತಲೆಯೇ ಮೇಲಾಗಿ ಕಾಣುವುದೂ, ಗಿಡ್ಡನೆಂದು ಹುಡುಗನು ಕೊರಗುವುದೂ ಇದರಿಂದಲೇ. ಪ್ರಾಯದವರ ತೂಕದಲ್ಲಿ ಹೆಚ್ಚುಕಡಮೆ ಅರ್ಧಪಾಲು ಈ ಕೆಲವು ವರುಷಗಳಲ್ಲಿಯೇ ಕೂಡಿಬರುತ್ತದೆ. ದೇಹ ಹಿಗ್ಗಿದಂತೆ ಅದರೊಳಗೆ ಹರಿಯುವ ರಕ್ತವೂ ಹೆಚ್ಚಬೇಕು. ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನು ಉಸಿರಿನ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊತ್ತೊಯ್ಯತಕ್ಕದ್ದು. ಅದರ ನಡುವೆ ಕಬ್ಬಿಣವಿಲ್ಲದಿದ್ದರೆ ಅದು ಹುಟ್ಟುವುದೇ ಇಲ್ಲ.

ಇಲ್ಲಿಗೆ ಜಮಾಖರ್ಚಿನ ಮಾತು ಬಂತು. ಒಂದು ಸಾರಿಯ ಮುಟ್ಟಿನಲ್ಲಿ ಸಾಮಾನ್ಯವಾಗಿ ೩೦ ರಿಂದ ೪೦ ಮಿಲಿಲೀಟರಿನಷ್ಟು ರಕ್ತ ಹೋಗುತ್ತದೆ. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದರಿಂದ, ತಿಂಗಳಿಗೆ ೧೫ ರಿಂದ ೨೦ ಮಿಲಿಗ್ರಾಂ ಖರ್ಚಾಯಿತು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಕಾಳುಕಡಿಗಳಲ್ಲಿರುವ ಕಬ್ಬಿಣದಲ್ಲಿ ನಮ್ಮ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದು ಹತ್ತು ಪಾಲು ಮಾತ್ರ. ಬೆಳವಣಿಗೆಯ ಖರ್ಚು ಒಂದು ಕಡೆ, ತಿಂಗಳ ಖರ್ಚು ಇನ್ನೊಂದು ಕಡೆ, ಜಮೆಯ ದಾರಿ ಇಷ್ಟು ಕಿರಿದು. ೨೦೧೯-೨೧ ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ೧೫ ರಿಂದ ೧೯ ವರುಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೯ ಮಂದಿಗೂ, ಅದೇ ಪ್ರಾಯದ ಗಂಡುಮಕ್ಕಳಲ್ಲಿ ನೂರಕ್ಕೆ ೩೧ ಮಂದಿಗೂ ರಕ್ತಹೀನತೆಯಿದ್ದುದು ಕಂಡುಬಂತು. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲವಾದರೂ ಮುಖ್ಯ ಕಾರಣಗಳಲ್ಲಿ ಅದು ಒಂದು.

ಹಾಗಾದರೆ ನಮ್ಮ ಸೀಮೆಯ ಊಟ ಕೆಟ್ಟದ್ದೇ? ಖಂಡಿತ ಅಲ್ಲ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಮೆಂತ್ಯೆ, ರಾಜಗೀರಿ, ಶೇಂಗಾ ಮತ್ತು ಗುರೆಳ್ಳಿನ ಹಿಂಡಿ, ಮೇಲೊಂದಿಷ್ಟು ಮೊಸರು ಎಂಬ ಈ ತಾಟನ್ನು ಹೀಗಳೆಯುವ ವೈದ್ಯನು ಇನ್ನೂ ಹುಟ್ಟಿಲ್ಲವೆಂದು ನನ್ನ ಎಣಿಕೆ. ತೊಡಕಿರುವುದು ಬೇರೆ ಎರಡು ಕಡೆ. ಜೋಳ ಮತ್ತು ಕಾಳುಗಳಲ್ಲಿ ಫೈಟೇಟ್ ಎಂಬ ಪದಾರ್ಥವಿದ್ದು ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಕಾಳನ್ನು ನೆನೆಯಿಟ್ಟು ಮೊಳಕೆ ಬರಿಸಿದರೆ ಈ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯಂದಿರು ಮಡಕಿಯನ್ನು ಅರಿವೆಯಲ್ಲಿ ಕಟ್ಟಿಡುತ್ತಿದ್ದುದು ರುಚಿಗೆಂದೇ ಆಗಿದ್ದರೂ ಫಲ ದೊಡ್ಡದಾಗಿತ್ತು. ಹುಳಿಯೊಳಗಿನ ಸಿ ಜೀವಸತ್ತ್ವವೂ ಕಬ್ಬಿಣವನ್ನು ಕರುಳಿನೊಳಕ್ಕೆ ದಾಟಿಸುತ್ತದೆ. ಪಕ್ಕದ ಇಂಡಿಯ ನಿಂಬೆ ನಾಡಿಗೆಲ್ಲ ಪ್ರಸಿದ್ಧವಾಗಿದೆ; ಅದರ ಅರ್ಧ ಹೋಳನ್ನು ಬೆಂದ ಪಲ್ಯದ ಮೇಲೆ ಉಣ್ಣುವ ಹೊತ್ತಿಗೆ ಹಿಂಡಿಕೊಂಡರೆ ಸಾಕು. ಇದಕ್ಕೆ ವಿರೋಧವಾಗಿ ಕೆಲಸ ಮಾಡುವುದು ಚಹಾ. ಚಹಾದೊಳಗಿನ ಒಗರು ಕಬ್ಬಿಣವನ್ನು ಹೊಟ್ಟೆಯಲ್ಲಿಯೇ ಕಟ್ಟಿಹಾಕುತ್ತದೆ. ಉಂಡ ಕೈ ತೊಳೆಯುವುದರೊಳಗೆ ಬಸಿ ಚಹಾ ಬೇಕೆನ್ನುವವರು ಒಂದು ತಾಸು ತಡೆದುಕೊಳ್ಳಬೇಕು. ಬೆಲ್ಲದಿಂದ ರಕ್ತ ತುಂಬುತ್ತದೆಂಬ ನಂಬಿಕೆ ಈ ಕಡೆ ಬಲವಾಗಿದೆ. ಮಹಾಲಿಂಗಪುರದ ಬೆಲ್ಲದ ಪೇಟೆಯವರು ನನ್ನ ಮೇಲೆ ಮುನಿಯಬಾರದು. ಬೆಲ್ಲದಲ್ಲಿ ಕಬ್ಬಿಣವಿರುವುದು ನಿಜವಾದರೂ ಕೊರತೆಯನ್ನು ತುಂಬುವಷ್ಟು ಬೆಲ್ಲ ತಿನ್ನುವುದು ಯಾರಿಂದಲೂ ಸಾಧ್ಯವಿಲ್ಲ. ಮಾಂಸ ತಿನ್ನುವ ಮನೆಗಳಲ್ಲಿ ಅದರ ಕಬ್ಬಿಣವು ಹೆಚ್ಚು ಸುಲಭವಾಗಿ ದೇಹಕ್ಕೆ ಹತ್ತುತ್ತದೆ.

ಎರಡನೆಯ ತೊಡಕು ಅಡುಗೆಯದಲ್ಲ, ಬಡಿಸುವ ಸರದಿಯದು. ಗಂಡಸರು ಉಂಡು, ಹುಡುಗರು ಉಂಡು, ಬಳಿಕ ಹೆಂಗಸರು ಕೂಡ್ರುವ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿರುತ್ತದೆ, ಪಲ್ಯ ತಳಕಂಡಿರುತ್ತದೆ. ಎಲ್ಲರಿಗಿಂತ ಹೆಚ್ಚು ಕಬ್ಬಿಣ ಬೇಕಾದವಳು ಖಾರದ ಹಿಂಡಿಯಲ್ಲಿ ರೊಟ್ಟಿ ಮುಗಿಸಿ ಏಳುತ್ತಾಳೆ. ಈ ಸರದಿಯನ್ನು ಬದಲಿಸುವುದಕ್ಕೆ ದುಡ್ಡು ಬೇಕಿಲ್ಲ. ಆದರೂ ಇದೇ ಎಲ್ಲಕ್ಕಿಂತ ಕಷ್ಟದ ಚಿಕಿತ್ಸೆಯೆಂದು ನನಗೆ ತೋರುತ್ತದೆ.

ಸರಕಾರಿ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ವಾರಕ್ಕೊಂದು ನೀಲಿ ಗುಳಿಗೆಯನ್ನು ಕೊಡುವ ಏರ್ಪಾಟು ೨೦೧೩ ರಿಂದೀಚೆಗೆ ದೇಶದಲ್ಲೆಲ್ಲ ನಡೆದುಬಂದಿದೆ. ಅದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ಫೋಲಿಕ್ ಆಮ್ಲವೂ ಇರುತ್ತವೆ. ಅದನ್ನು ನುಂಗಿದ ಮರುದಿನ ಮಲವು ಕಪ್ಪಾಗುತ್ತದೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದನ್ನು ಕಂಡು ಹೆದರಿದ ಮಕ್ಕಳು ಗುಳಿಗೆಯನ್ನು ಕಿಟಕಿಯಾಚೆ ಎಸೆದರೆ ಆಶ್ಚರ್ಯವಿಲ್ಲ. ಮಲದ ಕಪ್ಪು ಬಣ್ಣವು ದೇಹಕ್ಕೆ ಹತ್ತದೆ ಹೊರಬಿದ್ದ ಕಬ್ಬಿಣದ್ದು, ಅದರಿಂದ ಅಪಾಯವಿಲ್ಲ. ಹಸಿದ ಹೊಟ್ಟೆಯಲ್ಲಿ ನುಂಗದೆ, ಊಟವಾದ ಮೇಲೆ ನುಂಗಿದರೆ ತೊಳಸುವುದೂ ಕಡಮೆಯಾಗುತ್ತದೆ. ಇದರ ಜೊತೆಗೆ ಜಂತುಹುಳುವಿನ ಔಷಧವನ್ನೂ ಶಾಲೆಗಳಲ್ಲಿ ಕೊಡುತ್ತಾರೆ. ಕೊಕ್ಕೆಹುಳುವಿನ ಮರಿಗಳು ಹಸಿ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕರುಳಿಗೆ ಹೋಗಿ ಅಲ್ಲಿ ರಕ್ತ ಹೀರುತ್ತವೆ. ನೀರು ಹಾಯಿಸಿದ ಕಬ್ಬಿನ ಹೊಲದಲ್ಲಿ ನಡೆದಾಡುವವರು ಕಾಲಿಗೆ ಚಪ್ಪಲಿ ಮೆಟ್ಟುವುದು ಅಲಂಕಾರಕ್ಕಲ್ಲ.

ಮುಟ್ಟಿನ ವಿಷಯವನ್ನು ಬಾನುಲಿಯಲ್ಲಿ ಆಡಬಹುದೆ ಎಂದು ಹಿರಿಯರು ಕೆಲವರು ಸಂಕೋಚಪಡಬಹುದು. ಆಡದೆ ಇದ್ದುದರ ಫಲವನ್ನು ನೋಡಿದ ಮೇಲೆ ಸಂಕೋಚಕ್ಕೆ ಬೆಲೆಯಿಲ್ಲ. ಮೊದಲ ಒಂದೆರಡು ವರುಷ ಮುಟ್ಟು ತಿಂಗಳಿಗೆ ಸರಿಯಾಗಿ ಬಾರದಿರುವುದು ಸಹಜ. ಏಳು ದಿನ ಮೀರಿ ಹರಿದರೆ, ಇಲ್ಲವೆ ತಾಸಿಗೊಮ್ಮೆ ಅರಿವೆ ಬದಲಿಸುವಷ್ಟು ಹೋದರೆ, ವೈದ್ಯರಿಗೆ ತೋರಿಸಬೇಕು. ಹಳೆಯ ನೂಲಿನ ಸೀರೆಯ ಮೆತ್ತನೆಯ ತುಂಡು ರಬಕವಿ, ಬನಹಟ್ಟಿಯ ಮನೆಗಳಲ್ಲಿ ದುರ್ಲಭವಲ್ಲ. ಅದನ್ನು ಬಳಸುವುದರಲ್ಲಿ ತಪ್ಪೂ ಇಲ್ಲ. ನಾಚಿಕೆಯಿಂದ ಅದನ್ನು ಕತ್ತಲ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಸಿಹಸಿಯಾಗಿ ಒಣಗಹಾಕುವುದು ತಪ್ಪು. ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಈ ಸೀಮೆಯಲ್ಲಿ ಬಿಸಿಲಿಗೇನು ಬರವೆ? ಆ ದಿನಗಳಲ್ಲಿ ಹುಡುಗಿಯನ್ನು ಹೊರಗೆ ಕೂಡ್ರಿಸಿ ತಂಗಳು ನೀಡುವ ಮನೆಗಳು ಇನ್ನೂ ಇದ್ದರೆ, ಅವರು ಜಮೆ ಬೇಕಾದ ಹೊತ್ತಿನಲ್ಲಿಯೇ ಜಮೆ ನಿಲ್ಲಿಸುತ್ತಿದ್ದಾರೆಂದು ಹೇಳಬೇಕಾಗುತ್ತದೆ.

ಗಂಡುಮಕ್ಕಳ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಗರಡಿಮನೆಯ ಮಣ್ಣು ಅವರಿಗೆ ಒಳ್ಳೆಯದು. ಅವರನ್ನು ಒಳಗೊಳಗೇ ತಿನ್ನುವ ಚಿಂತೆ ಬೇರೆ. ಕನಸಿನಲ್ಲಿ ವೀರ್ಯ ಹೋದರೆ ಶಕ್ತಿಯೇ ಹೋಯಿತೆಂದು ಹೆದರಿಸಿ ಗೋಡೆಗಳ ಮೇಲೆ ಜಾಹೀರಾತು ಬರೆಸಿ ಹಣ ಕೀಳುವ ಕಪಟ ವೈದ್ಯರು ಇಂದಿಗೂ ಇದ್ದಾರೆ. ಅದು ಪ್ರಾಯದ ಸಹಜ ಲಕ್ಷಣ. ಅದಕ್ಕೆ ಔಷಧವಿಲ್ಲ, ಔಷಧ ಬೇಕಾಗಿಯೂ ಇಲ್ಲ. ನಿದ್ದೆಯ ಮಾತು ಇಬ್ಬರಿಗೂ ಒಂದೇ. ಈ ಪ್ರಾಯದಲ್ಲಿ ಮಿದುಳಿಗೆ ನಿದ್ದೆಯ ಸೂಚನೆ ರಾತ್ರಿ ತಡವಾಗಿ ಬರುತ್ತದೆ. ಬೇಕಾದ ನಿದ್ದೆಯಾದರೋ ಎಂಟರಿಂದ ಹತ್ತು ತಾಸು. ಮಗ್ಗದ ಸದ್ದಿನ ನಡುವೆ ಮಲಗುವ ಮಕ್ಕಳ ಕೈಯಲ್ಲಿ ನಡುರಾತ್ರಿಯವರೆಗೆ ಮೊಬೈಲೂ ಇದ್ದರೆ, ಅವರ ಮುಂಜಾನೆಯ ಮಂಕಿಗೆ ರಕ್ತವನ್ನು ದೂರಿ ಫಲವಿಲ್ಲ. ಮನಸ್ಸೇ ಕುಗ್ಗಿ ಯಾರಲ್ಲಿಯೂ ಹೇಳಿಕೊಳ್ಳಲಾರದವರು ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ೨೦೨೨ ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಗೆ ಖರ್ಚಿಲ್ಲ.

ಮತ್ತೆ ಆ ಹುಡುಗಿಯ ಮನೆಗೆ ಬರೋಣ. ಪಾಠದಲ್ಲಿ ತೂಕಡಿಸುವವಳ ಅಂಕ ಇಳಿಯುತ್ತದೆ. ಅಂಕ ಇಳಿದರೆ “ಓದು ಹತ್ತವಲ್ದು” ಎಂಬ ಮಾತು ಹುಟ್ಟುತ್ತದೆ. ಆ ಮಾತಿನ ಹಿಂದೆಯೇ ವರನ ಮಾತು. ಮೈಸೂರು ಸಂಸ್ಥಾನದಲ್ಲಿ ೧೮೯೪ ರ ಕಾಯಿದೆಯು ಎಂಟು ವರುಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆದಾಗ ಅದೇ ದೊಡ್ಡ ಸುಧಾರಣೆಯಾಗಿತ್ತು. ೨೦೦೬ ರ ಕಾಯಿದೆಯ ಪ್ರಕಾರ ಹೆಣ್ಣಿಗೆ ೧೮, ಗಂಡಿಗೆ ೨೧ ತುಂಬಿರಬೇಕು. ಕರ್ನಾಟಕದ ೨೦೧೬ ರ ತಿದ್ದುಪಡಿಯು ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಆದರೂ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ೮೦ ಹಳ್ಳಿಗಳಲ್ಲಿ ೨೦೧೪ ರಿಂದ ೨೦೧೭ ರವರೆಗೆ ನಡೆದ ‘ಸಮತಾ’ ಎಂಬ ಪ್ರಯೋಗದ ಲೆಕ್ಕವನ್ನು ನೋಡಿ. ಪರಿಶಿಷ್ಟ ಜಾತಿ ಪಂಗಡಗಳ ಹುಡುಗಿಯರು ಹತ್ತನೆಯ ತರಗತಿಯವರೆಗೆ ಓದಲಿ, ಬೇಗ ಮದುವೆಯಾಗದಿರಲಿ ಎಂದು ಅರ್ಧ ಹಳ್ಳಿಗಳಲ್ಲಿ ಶ್ರಮಿಸಿದರು. ಕೊನೆಯಲ್ಲಿ, ೧೫-೧೬ ರ ಪ್ರಾಯಕ್ಕೆ, ನಾಲ್ವರಲ್ಲಿ ಒಬ್ಬಳ ಓದು ಅಪೂರ್ಣವಾಗಿತ್ತು, ಹತ್ತರಲ್ಲಿ ಒಬ್ಬಳಿಗೆ ಮದುವೆಯಾಗಿತ್ತು. ಪ್ರಯೋಗ ನಡೆದ ಊರಿಗೂ ನಡೆಯದ ಊರಿಗೂ ಗಣನೀಯ ಭೇದ ಕಾಣಲಿಲ್ಲ. ನಡೆಸಿದವರು ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ಅವರ ದೊಡ್ಡತನ. ಇಂಥ ಎಳೆಯ ಪ್ರಾಯದಲ್ಲಿ ಬಸಿರಾದವಳ ದೇಹವು, ತನ್ನ ಬೆಳವಣಿಗೆ ಮುಗಿಯುವ ಮೊದಲೇ ಮತ್ತೊಂದು ಜೀವಕ್ಕೆ ರಕ್ತ ಹೊಂದಿಸಬೇಕಾಗುತ್ತದೆ. ಹೆರಿಗೆಯಲ್ಲಿ ಸನ್ನಿಯ ಭಯವೂ, ತೂಕ ಕಡಮೆಯ ಕೂಸಿನ ಭಯವೂ ಅವಳಿಗೆ ಹೆಚ್ಚು.

ಆದುದರಿಂದ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಎಂಬ ವಿಭಾಗವುಂಟು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತಿಳಿಯುತ್ತದೆ. ಹನ್ನೆರಡು ದಾಟಿದ ಹುಡುಗಿಯಲ್ಲಿ ಹಿಮೋಗ್ಲೋಬಿನ್ನು ಒಂದು ಡೆಸಿಲೀಟರಿಗೆ ೧೨ ಗ್ರಾಮಿಗಿಂತ ಕಡಮೆಯಿದ್ದರೆ ಅದು ರಕ್ತಹೀನತೆ. ಆಗ ವಾರದ ಗುಳಿಗೆ ಸಾಲದು, ವೈದ್ಯರು ದಿನದ ಗುಳಿಗೆ ಬರೆದುಕೊಡುತ್ತಾರೆ. ತಿಂಗಳೊಳಗೆ ಮುಖಕ್ಕೆ ಕಳೆ ಬಂದು, ಹುಡುಗಿ ಮುಂಜಾನೆ ತಾನಾಗಿಯೇ ಎದ್ದು ಕೂಡ್ರಬಹುದು. ಅಷ್ಟಕ್ಕೇ ಗುಣವಾಯಿತೆಂದು ಗುಳಿಗೆ ನಿಲ್ಲಿಸಿಬಿಡಬಾರದು. ರಕ್ತ ತುಂಬಿದ ಬಳಿಕ ದೇಹದ ಉಗ್ರಾಣವೂ ತುಂಬಬೇಕು, ಅದಕ್ಕೆ ಇನ್ನೂ ಎರಡು ಮೂರು ತಿಂಗಳು ಹಿಡಿಯುತ್ತದೆ.